ಅಣ್ಣ, ಸೈಡ್‌ಬಾರ್ ಎಲ್ಲಿ ಹೋಯ್ತು? ಕೋಡ್ ಎಡಿಟರ್ ಪರದೆಯ ಐವತ್ತು ವರ್ಷದ ಕಥೆ

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಸಿಗಿಸ್ಕೊಂಡು ಕೇಳ್ತಿರೋರಿಗೆ ಮೊದಲೇ ಹೇಳಿಬಿಡ್ತೀನಿ: ಇವತ್ತಿನ ಸಂಚಿಕೆ ಕೋಡ್ ಎಡಿಟರ್ ಬಗ್ಗೆ. ಕೋಡಿಂಗ್ ಬರಲ್ಲ ಅಂತ ಮುಂದಕ್ಕೆ ಹೋಗಬೇಡಿ. ನಾನೂ ಬಿಕಾಂ ಮಾಡಿದೋನೇ. ಡೆಬಿಟ್ ಕ್ರೆಡಿಟ್ ಬಿಟ್ಟರೆ ಬೇರೇನೂ ಗೊತ್ತಿಲ್ಲದೆ ಈ ಕಡೆ ಬಂದವನು.

ವಿಷಯ ಶುರುವಾಗಿದ್ದು ಒಂದು ಫೋಟೋದಿಂದ. ಹೋದ ತಿಂಗಳು ರಾತ್ರಿ ಹನ್ನೊಂದೂವರೆಗೆ ಚಿಕ್ಕಪ್ಪನ ಮಗಳು ವಾಟ್ಸಾಪ್ ಮಾಡಿದ್ಲು. ಹಾಸನದಲ್ಲಿ ಬಿಸಿಎ ಮೊದಲನೇ ವರ್ಷ, ಹಾಸ್ಟೆಲ್‌ನಲ್ಲಿದ್ದಾಳೆ. ಫೋಟೋದಲ್ಲಿ ಲ್ಯಾಪ್‌ಟಾಪ್ ಪರದೆ ಪೂರ್ತಿ ಕಪ್ಪು, ನಟ್ಟನಡುವೆ ಹನ್ನೆರಡು ಸಾಲು ಸಿ ಪ್ರೋಗ್ರಾಂ, ಅಷ್ಟೇ. ಮೆನು ಇಲ್ಲ, ಫೈಲ್‌ಗಳ ಪಟ್ಟಿ ಇಲ್ಲ, ಕೊನೆಗೆ ಮೂಲೆಯಲ್ಲಿರೋ ಗಡಿಯಾರ ಕೂಡ ಇಲ್ಲ. ಕೆಳಗೆ ಬರೆದಿದ್ಲು: "ಅಣ್ಣ, ಎಲ್ಲಾ ಮಾಯ ಆಯ್ತು. ಏನ್ ಒತ್ತಿದ್ನೋ ಗೊತ್ತಿಲ್ಲ. ನಂಗೆ ಇದು ಆಗಲ್ಲ ಅನ್ಸುತ್ತೆ, ಬಿಕಾಂಗೇ ಸೇರ್ಕೊತೀನಿ."

ಬಿಕಾಂ ಅಂದ್ರೆ ಸೋತೋರು ಬಂದು ಸೇರೋ ಜಾಗ ಅನ್ನೋ ಹಾಗೆ ಹೇಳಿದ್ದಕ್ಕೆ ನನಗೆ ಸ್ವಲ್ಪ ಕೋಪ ಬಂತು, ಅದು ಬೇರೆ ಮಾತು. ಆದ್ರೆ ಆ ಮೆಸೇಜ್ ನೋಡಿದ ಮೇಲೆ ನಿದ್ದೆ ಬರ್ಲಿಲ್ಲ. ಯಾಕಂದ್ರೆ ನನಗೂ ಇದೇ ಆಗಿತ್ತು. ಬಿಕಾಂ ಮುಗಿಸಿ, ಒಬ್ಬ ಆಡಿಟರ್ ಹತ್ರ ಒಂದು ವರ್ಷ ಕೆಲಸ ಮಾಡಿ, ಆಮೇಲೆ ಸಾಲ ಮಾಡಿ ಮೂರು ತಿಂಗಳ ವೆಬ್ ಕೋರ್ಸ್ ಮಾಡಿದ್ದೆ. ಒಂದು ಕಂಪನಿಯವರು ಆನ್‌ಲೈನ್ ಇಂಟರ್‌ವ್ಯೂನಲ್ಲಿ ಸ್ಕ್ರೀನ್ ಶೇರ್ ಮಾಡಿಸಿ, "ಟರ್ಮಿನಲ್ ಓಪನ್ ಮಾಡಿ" ಅಂದ್ರು. ಟರ್ಮಿನಲ್ ನನಗೆ ಗೊತ್ತಿತ್ತು, ಅದರಲ್ಲಿ ಏನು ಟೈಪ್ ಮಾಡಬೇಕು ಅನ್ನೋದೂ ಗೊತ್ತಿತ್ತು. ಎಲ್ಲಿದೆ ಅನ್ನೋದು ಮಾತ್ರ ಆ ಕ್ಷಣಕ್ಕೆ ಹೊಳೀಲಿಲ್ಲ. ಎಡಗಡೆ ಐಕಾನ್ ಒಂದೊಂದೇ ಒತ್ತಿದೆ. ಆ ಕಡೆಯಿಂದ ಒಬ್ಬರು ಉಸಿರು ಬಿಟ್ಟಿದ್ದು ಕೇಳಿಸ್ತು. ಆಮೇಲೆ ಕಾಲ್ ಬರಲಿಲ್ಲ.

ಹಾಗಾಗಿ ಇವತ್ತು ಈ ಪರದೆ ಹೀಗೆ ಯಾಕಿದೆ ಅಂತ ನೋಡೋಣ. ಎಡಗಡೆ ಐಕಾನ್‌ಗಳ ಸಾಲು, ಪಕ್ಕದಲ್ಲಿ ಫೈಲ್‌ಗಳ ಪಟ್ಟಿ, ನಡುವೆ ಕೋಡ್, ಕೆಳಗೆ ಟರ್ಮಿನಲ್, ಅದಕ್ಕೂ ಕೆಳಗೆ ಒಂದು ಬಣ್ಣದ ಗೆರೆ. ಇದನ್ನೆಲ್ಲ ಯಾರೋ ಒಬ್ಬರು ಒಂದು ದಿನ ಕೂತು ಪ್ಲಾನ್ ಮಾಡಿದ್ದಲ್ಲ. ಹಳೇ ಮನೆಗೆ ಒಂದೊಂದು ತಲೆಮಾರು ಒಂದೊಂದು ಕೋಣೆ ಸೇರಿಸಿದ ಹಾಗೆ ಆಗಿದ್ದು.

ಮೊದಲು ಪರದೆಯೇ ಇರಲಿಲ್ಲ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್ ಕಟ್ಟುವಾಗ 'ಇಡಿ' ಅಂತ ಒಂದು ಎಡಿಟರ್ ಬರೆದರು. ಆಗ ಕಂಪ್ಯೂಟರ್ ಜೊತೆ ಮಾತಾಡೋಕೆ ಇದ್ದದ್ದು ಟೆಲಿಟೈಪ್, ಅಂದ್ರೆ ಕಾಗದದ ಸುರುಳಿ ಮೇಲೆ ಟಕಟಕ ಅಂತ ಅಚ್ಚು ಹಾಕೋ ಯಂತ್ರ. ನಿಮ್ಮ ಕೋಡ್ ಕಣ್ಣ ಮುಂದೆ ಇರೋದಿಲ್ಲ. ಐದನೇ ಸಾಲು ನೋಡಬೇಕು ಅಂದ್ರೆ "ಐದನೇ ಸಾಲು ಅಚ್ಚು ಹಾಕು" ಅಂತ ಆಜ್ಞೆ ಕೊಡಬೇಕು. ಪೂರ್ತಿ ಫೈಲು ತಲೆಯಲ್ಲಿ ಇಟ್ಕೊಂಡು ಕೆಲಸ. ತಪ್ಪು ಮಾಡಿದರೆ 'ಇಡಿ' ಕೊಡೋ ಉತ್ತರ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ. ಏನು ತಪ್ಪು, ಎಲ್ಲಿ ತಪ್ಪು, ಯಾವುದೂ ಇಲ್ಲ. ಬರೀ '?'. ನಮ್ಮ ಪಿಯುಸಿ ಅಕೌಂಟ್ಸ್ ಮೇಷ್ಟ್ರೂ ಹೀಗೇ ಇದ್ದರು, ಲೆಕ್ಕದ ಪಕ್ಕ ಒಂದು ಪ್ರಶ್ನಾರ್ಥಕ ಹಾಕಿ ಪುಸ್ತಕ ವಾಪಸ್ ಎಸೆಯೋರು.

ಆಮೇಲೆ ಗಾಜಿನ ಪರದೆ ಇರೋ ಟರ್ಮಿನಲ್ ಬಂತು. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಈ ಭಾಗ ನನಗೆ ತುಂಬಾ ಇಷ್ಟ.

1976ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಅನ್ನೋ ವಿದ್ಯಾರ್ಥಿ 'ವಿಐ' ಅನ್ನೋ ಎಡಿಟರ್ ಬರೆಯೋಕೆ ಶುರು ಮಾಡಿದ. ಮನೆಯಿಂದ ಫೋನ್ ಲೈನ್‌ನಲ್ಲಿ 300 ಬಾಡ್ ಮೋಡೆಮ್ ಮೂಲಕ ಕಾಲೇಜಿನ ಕಂಪ್ಯೂಟರ್‌ಗೆ ಸಂಪರ್ಕ. 300 ಬಾಡ್ ಅಂದ್ರೆ ಸೆಕೆಂಡಿಗೆ ಹೆಚ್ಚು ಕಡಿಮೆ 30 ಅಕ್ಷರ. ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1920. ಭಾಗಿಸಿ ನೋಡಿ: ಪರದೆ ಒಂದು ಸಲ ತುಂಬೋಕೆ 64 ಸೆಕೆಂಡ್! ಹೀಗಿರುವಾಗ ಯಾರು ಮೆನು ತೋರಿಸ್ತಾರೆ, ಯಾರು ಟೂಲ್‌ಬಾರ್ ಬಿಡಿಸ್ತಾರೆ? ಒಂದೊಂದು ಅಕ್ಷರಕ್ಕೂ ಕಾಯಬೇಕು. ಅದಕ್ಕೇ ವಿಐನಲ್ಲಿ ಆಜ್ಞೆಗಳು ಹೆಚ್ಚಾಗಿ ಒಂದೆರಡು ಅಕ್ಷರದವು. 'ಎಕ್ಸ್' ಅಂದ್ರೆ ಒಂದಕ್ಷರ ಅಳಿಸು, 'ಡಿ' ಎರಡು ಸಲ ಒತ್ತಿದ್ರೆ ಸಾಲು ಅಳಿಸು.

ಕರ್ಸರ್ ಓಡಿಸೋಕೆ ಹೆಚ್, ಜೆ, ಕೆ, ಎಲ್. ಇದು ಯಾಕೆ ಅಂತ ನಾನು ವರ್ಷಗಟ್ಟಲೆ ತಲೆ ಕೆಡಿಸ್ಕೊಂಡಿದ್ದೆ. ಏನೋ ದೊಡ್ಡ ತತ್ವ ಇರಬೇಕು, ಬೆರಳಿನ ವಿಜ್ಞಾನ ಇರಬೇಕು ಅಂತ. ಕಾರಣ ತುಂಬಾ ಸರಳ. ಜಾಯ್ ಬಳಸ್ತಿದ್ದ ಎಡಿಎಂ-3ಎ ಅನ್ನೋ ಟರ್ಮಿನಲ್‌ನ ಕೀಬೋರ್ಡ್‌ನಲ್ಲಿ ಬಾಣದ ಗುರುತುಗಳನ್ನ ಆ ನಾಲ್ಕು ಅಕ್ಷರದ ಕೀಗಳ ಮೇಲೇ ಅಚ್ಚು ಹಾಕಿದ್ದರು. ಬಾಣಕ್ಕೆ ಬೇರೆ ಕೀ ಇರಲಿಲ್ಲ. ಎಸ್ಕೇಪ್ ಕೀ ಈಗಿನ ಟ್ಯಾಬ್ ಇರೋ ಜಾಗದಲ್ಲಿತ್ತು, ಕಿರುಬೆರಳಿಗೆ ಸಿಗೋ ಹಾಗೆ. ಆ ಟರ್ಮಿನಲ್ ಇವತ್ತು ಮ್ಯೂಸಿಯಂನಲ್ಲಿ ಇರಬೇಕಾದ ವಸ್ತು. ಆದ್ರೆ ಲಿನಕ್ಸ್‌ನಲ್ಲಿ ಹೋಮ್ ಫೋಲ್ಡರ್‌ಗೆ ಒಂದು ಅಲೆ ಗೆರೆ ಬಳಸ್ತೀವಲ್ಲ, ಅದೂ ಅದೇ ಕೀಬೋರ್ಡ್‌ನಲ್ಲಿ ಹೋಮ್ ಕೀ ಜೊತೆ ಇದ್ದ ಗುರುತು. ಒಂದು ಕೀಬೋರ್ಡ್ ಸತ್ತು ಸ್ವರ್ಗಕ್ಕೆ ಹೋದರೂ ಅದರ ಅಭ್ಯಾಸ ನಮ್ಮ ಬೆರಳಲ್ಲಿ ಉಳ್ಕೊಂಡಿದೆ.

ವಿಐನ ಇನ್ನೊಂದು ಗುಣ, ಅದು ಎರಡು ಸ್ಥಿತಿಯಲ್ಲಿ ಕೆಲಸ ಮಾಡುತ್ತೆ. ಒಂದರಲ್ಲಿ 'ಡಿ' ಒತ್ತಿದ್ರೆ 'ಡಿ' ಬೀಳುತ್ತೆ. ಇನ್ನೊಂದರಲ್ಲಿ ಅದೇ 'ಡಿ' ಆಜ್ಞೆ. ಇದಕ್ಕೆ ಮೋಡ್ ಅಂತಾರೆ. ನೀವು ಯಾವ ಮೋಡ್‌ನಲ್ಲಿದ್ದೀರಿ ಅಂತ ಹಳೇ ವಿಐ ತಾನಾಗಿ ಹೇಳ್ತಾನೂ ಇರಲಿಲ್ಲ. ಇದರ ಮೊಮ್ಮಗ ವಿಮ್ ಒಳಗೆ ಹೋಗಿ ಹೊರಗೆ ಬರೋಕೆ ಗೊತ್ತಾಗದೆ ಸಿಕ್ಕಿಹಾಕಿಕೊಂಡವರು ಎಷ್ಟು ಜನ ಗೊತ್ತಾ? "ವಿಮ್‌ನಿಂದ ಹೊರಗೆ ಬರೋದು ಹೇಗೆ" ಅನ್ನೋ ಪ್ರಶ್ನೆಯನ್ನ ಸ್ಟ್ಯಾಕ್ ಓವರ್‌ಫ್ಲೋನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಲ ನೋಡಿದ್ದಾರೆ ಅಂತ 2017ರಲ್ಲಿ ಆ ಸೈಟಿನವರೇ ಬರೆದಿದ್ದರು. ಚಕ್ರವ್ಯೂಹ ಹೊಕ್ಕ ಅಭಿಮನ್ಯುಗಳು ಹತ್ತು ಲಕ್ಷ!

ಈ ಮೋಡ್ ಅನ್ನೋದರ ಮೇಲೆ ಜೀವನಪೂರ್ತಿ ಯುದ್ಧ ಮಾಡಿದ ಮನುಷ್ಯ ಒಬ್ಬರಿದ್ದರು. ಲ್ಯಾರಿ ಟೆಸ್ಲರ್. ನಾವು ದಿನಾ ನೂರು ಸಲ ಮಾಡೋ ಕಟ್, ಕಾಪಿ, ಪೇಸ್ಟ್ ಇದೆಯಲ್ಲ, ಅದರ ಹಿಂದೆ ಇರೋ ಹೆಸರು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿದ್ದರು. ಅಲ್ಲಿ ಬ್ರಾವೋ ಅನ್ನೋ ಎಡಿಟರ್ ಇತ್ತು, ಅದಕ್ಕೂ ಮೋಡ್ ಕಾಟ. ಅದರ ಬಗ್ಗೆ ಒಂದು ಪ್ರಸಿದ್ಧ ಕಥೆ ಇದೆ. ನೀವು ಬರೆಯೋ ಮೋಡ್‌ನಲ್ಲಿದ್ದೀನಿ ಅಂದ್ಕೊಂಡು ಇಂಗ್ಲಿಷಿನ 'ಎಡಿಟ್' ಅನ್ನೋ ಪದ ಟೈಪ್ ಮಾಡ್ತೀರ. ಆದ್ರೆ ನಿಜವಾಗಿ ಇರೋದು ಆಜ್ಞೆಯ ಮೋಡ್‌ನಲ್ಲಿ. 'ಇ' ಅಂದ್ರೆ ಎಲ್ಲವನ್ನೂ ಸೆಲೆಕ್ಟ್ ಮಾಡು. 'ಡಿ' ಅಂದ್ರೆ ಅಳಿಸು. 'ಐ' ಅಂದ್ರೆ ಹೊಸದಾಗಿ ಸೇರಿಸು. ಉಳಿದ 'ಟಿ' ಅಕ್ಷರ ಪರದೆ ಮೇಲೆ ಬೀಳುತ್ತೆ. ನಿಮ್ಮ ಇಡೀ ದಾಖಲೆ ಹೋಗಿ ಅದರ ಜಾಗದಲ್ಲಿ ಒಂದೇ ಒಂದು 'ಟಿ'!

ಟೆಸ್ಲರ್ ಮತ್ತು ಟಿಮ್ ಮಾಟ್ ಇಬ್ಬರೂ ಸೇರಿ 1975ರ ಹೊತ್ತಿಗೆ ಜಿಪ್ಸಿ ಅನ್ನೋ ಎಡಿಟರ್ ಮಾಡಿದ್ರು. ಅದರಲ್ಲಿ ಮೋಡ್ ಇಲ್ಲ. ಟೈಪ್ ಮಾಡಿದ್ರೆ ಟೈಪ್ ಆಗುತ್ತೆ, ಅಷ್ಟೇ. ಈಗ ಇದು ಹೇಳೋಕೂ ನಾಚಿಕೆ ಆಗುವಷ್ಟು ಸಾಮಾನ್ಯ, ಆಗ ಇದೇ ಹೊಸ ವಿಚಾರ. ಟೆಸ್ಲರ್ ತಮ್ಮ ಕಾರಿನ ನಂಬರ್ ಪ್ಲೇಟ್ ಮೇಲೂ 'ನೋ ಮೋಡ್ಸ್' ಅಂತಲೇ ಹಾಕಿಸಿಕೊಂಡಿದ್ದರು. 2020ರ ಫೆಬ್ರವರಿಯಲ್ಲಿ ತೀರಿಕೊಂಡರು.

ಅದೇ ಜೆರಾಕ್ಸ್ ಪಾರ್ಕ್‌ನಲ್ಲಿ ಸ್ಮಾಲ್‌ಟಾಕ್ ಅನ್ನೋ ಭಾಷೆಗೆ ಟೆಸ್ಲರ್ ಇನ್ನೊಂದು ಸಾಧನ ಮಾಡಿದ್ರು, ಹೆಸರು ಬ್ರೌಸರ್. ಇಂಟರ್ನೆಟ್ ಬ್ರೌಸರ್ ಅಲ್ಲ, ಅದಿನ್ನೂ ಹುಟ್ಟಿರಲಿಲ್ಲ. ಮೇಲೆ ಸಾಲಾಗಿ ಸಣ್ಣ ಸಣ್ಣ ಪಟ್ಟಿಗಳು, ಕೆಳಗೆ ಕೋಡ್. ಪಟ್ಟಿಯಲ್ಲಿ ಒಂದನ್ನ ಒತ್ತಿದ್ರೆ ಅದರ ಒಳಗಿನದು ಪಕ್ಕದ ಪಟ್ಟಿಯಲ್ಲಿ ತೆರೆಯುತ್ತೆ. ಈಗ ನಮ್ಮ ಎಡಿಟರ್‌ನ ಎಡಗಡೆ ಫೋಲ್ಡರ್ ಒತ್ತಿ ಫೈಲ್ ತೆಗೀತೀವಲ್ಲ, ಅದರ ಅಜ್ಜಿ ಇದು. ಪಟ್ಟಿ ಒಂದು ಕಡೆ, ಕೋಡ್ ಇನ್ನೊಂದು ಕಡೆ.

ಸರಿ, ಈಗ ನಮ್ಮ ಕಡೆ ಎಲ್ಲರಿಗೂ ಗೊತ್ತಿರೋ ಪರದೆಗೆ ಬರೋಣ. ನೀಲಿ ಪರದೆ. ಕೇಳ್ತಿರೋರಲ್ಲಿ ಬಿಸಿಎ, ಇಂಜಿನಿಯರಿಂಗ್, ಡಿಪ್ಲೊಮಾ ಮಾಡಿದವರಿಗೆ ಟರ್ಬೋ ಸಿ ಅಂದ ಕೂಡಲೇ ಲ್ಯಾಬಿನ ವಾಸನೆ ಬಂದಿರುತ್ತೆ. ಇದರ ಮೂಲ 1983ರ ಟರ್ಬೋ ಪ್ಯಾಸ್ಕಲ್. ಡೆನ್ಮಾರ್ಕಿನ ಆಂಡರ್ಸ್ ಹೆಲ್ಸ್‌ಬರ್ಗ್ ಬರೆದ ಕಂಪೈಲರ್, ಬೋರ್ಲ್ಯಾಂಡ್ ಅನ್ನೋ ಕಂಪನಿ ಅದನ್ನ 49.95 ಡಾಲರ್‌ಗೆ ಮಾರಿತು. ಅದಕ್ಕೆ ಮುಂಚೆ ಎಡಿಟರ್ ಬೇರೆ, ಕಂಪೈಲರ್ ಬೇರೆ. ಒಂದರಲ್ಲಿ ಬರೆದು, ಹೊರಗೆ ಬಂದು, ಇನ್ನೊಂದನ್ನ ಓಡಿಸಿ, ತಪ್ಪಿನ ಪಟ್ಟಿ ಹಿಡ್ಕೊಂಡು ಮತ್ತೆ ಒಳಗೆ ಹೋಗಬೇಕು. ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆಯೋದು, ಕಂಪೈಲ್ ಮಾಡೋದು, ಓಡಿಸೋದು ಎಲ್ಲಾ ಒಂದೇ ಸೂರಿನಡಿ. ತಪ್ಪಾದರೆ ಕರ್ಸರ್ ನೇರವಾಗಿ ತಪ್ಪಿನ ಜಾಗಕ್ಕೇ ಹೋಗಿ ನಿಲ್ಲುತ್ತೆ. ಇದರ 3.02 ಆವೃತ್ತಿಯ ಗಾತ್ರ 39,731 ಬೈಟ್. ನನ್ನ ತಂಗಿ ಕಳಿಸಿದ ಆ ಫೋಟೋ ಇದಕ್ಕಿಂತ ದೊಡ್ಡದು.

1987ರಲ್ಲಿ ಟರ್ಬೋ ಸಿ, 1990ರಲ್ಲಿ ಟರ್ಬೋ ಸಿ ಪ್ಲಸ್ ಪ್ಲಸ್ ಬಂತು. ಮೇಲೆ ಮೆನು, ನಡುವೆ ನೀಲಿ ಕಿಟಕಿ, ಕೆಳಗೆ ಒಂದು ಬೂದು ಸಾಲು: ಎಫ್1 ಹೆಲ್ಪ್, ಎಫ್9 ಮೇಕ್, ಎಫ್10 ಮೆನು. ಆ ಬೂದು ಸಾಲನ್ನ ನಾನು ತುಂಬಾ ಗೌರವದಿಂದ ನೋಡ್ತೀನಿ. ದಾರಿ ತಪ್ಪಿದವನಿಗೆ ಕೆಳಗೆ ನೋಡು, ಏನೇನು ಮಾಡಬಹುದು ಅಂತ ಬರೆದಿದೆ ಅನ್ನೋ ಭರವಸೆ. ಟ್ಯಾಲಿ ಕಲಿತ ನಮಗೆ ಇದು ಹೊಸದಲ್ಲ. ಬೆಂಗಳೂರಿನದೇ ಕಂಪನಿ, ಶುರುವಾಗಿದ್ದು 1986ರಲ್ಲಿ. ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್7 ಜರ್ನಲ್, ಎಫ್8 ಸೇಲ್ಸ್, ಎಫ್9 ಪರ್ಚೇಸ್. ಬಲಗಡೆ ಬಟನ್‌ಗಳ ಪಟ್ಟಿ ಸದಾ ನಿಂತಿರುತ್ತೆ. ಆಡಿಟರ್ ಆಫೀಸಿನಲ್ಲಿ ನಾನು ಮೌಸ್ ಮುಟ್ಟದೆ ದಿನಕ್ಕೆ ನೂರಾರು ವೋಚರ್ ಹಾಕ್ತಿದ್ದೆ. ಅಂಥವನು ಇಂಟರ್‌ವ್ಯೂನಲ್ಲಿ ಟರ್ಮಿನಲ್ ಹುಡುಕ್ತಾ ಕೂತೆ ನೋಡಿ!

1990ರ ದಶಕ ಟೂಲ್‌ಬಾರ್ ದಶಕ. 1990ರ ಎಕ್ಸೆಲ್ 3.0ನಲ್ಲಿ ಟೂಲ್‌ಬಾರ್ ಬಂತು, 1991ರಲ್ಲಿ ವಿಶುವಲ್ ಬೇಸಿಕ್ ಬಂತು. ಬಟನ್ ಬೇಕಾ, ಟೂಲ್‌ಬಾಕ್ಸ್‌ನಿಂದ ಎಳೆದು ತಂದು ಹಾಕು. ಆಮೇಲೆ ಎಲ್ಲರೂ ಐಕಾನ್ ಮೇಲೆ ಐಕಾನ್ ಪೇರಿಸಿದ್ರು. ಒಂದು ಸಾಲು, ಎರಡು ಸಾಲು, ಮೂರು ಸಾಲು, ಎಳೆದರೆ ಕಿತ್ತು ಬರೋ ಸಾಲು. ಮದುವೆ ಮನೆ ಬಾಳೆ ಎಲೆ ಹಾಗೆ, ಬಡಿಸಿದ್ದೆಲ್ಲ ತಿನ್ನೋರು ಯಾರೂ ಇಲ್ಲ. ಈ ಕಾಲದ ಬಗ್ಗೆ ನನಗೆ ಹೆಚ್ಚು ಪ್ರೀತಿ ಇಲ್ಲ, ಮುಂದೆ ಹೋಗೋಣ.

2001ರ ನವೆಂಬರ್‌ನಲ್ಲಿ ಐಬಿಎಂ ಎಕ್ಲಿಪ್ಸ್ ಅನ್ನೋ ಎಡಿಟರ್‌ನ ಓಪನ್ ಸೋರ್ಸ್ ಆಗಿ ಬಿಟ್ಟಿತು. ಜಾವಾ ಕಲಿತವರಿಗೆ ಗೊತ್ತು, ತೆರೆದ ತಕ್ಷಣ ಕೇಳೋ ಮೊದಲ ಪ್ರಶ್ನೆಯೇ "ವರ್ಕ್‌ಸ್ಪೇಸ್ ಯಾವುದು?" ಪಾಪ, ಹೊಸಬ ಇನ್ನೂ ಕೆಲಸವೇ ಶುರು ಮಾಡಿಲ್ಲ, ಕೆಲಸದ ಜಾಗ ಯಾವುದು ಅಂತ ಕೇಳಿದ್ರೆ ಏನು ಹೇಳಬೇಕು? ಎಕ್ಲಿಪ್ಸ್‌ನಲ್ಲಿ ಪರ್ಸ್‌ಪೆಕ್ಟಿವ್ ಅಂತ ಇನ್ನೊಂದು ಇತ್ತು. ಜಾವಾ ಬರೆಯುವಾಗ ಪರದೆ ಒಂದು ಥರ, ಡೀಬಗ್ ಮಾಡುವಾಗ ಪರದೆಯೇ ಬದಲಾಗಿ ಇನ್ನೊಂದು ಥರ. ಟೆಸ್ಲರ್ ಓಡಿಸಿದ್ದ ಮೋಡ್ ಹಿತ್ತಲ ಬಾಗಿಲಿಂದ ವಾಪಸ್ ಬಂದಿತ್ತು ಅಂತ ನನ್ನ ಅಭಿಪ್ರಾಯ.

ಎಕ್ಲಿಪ್ಸ್‌ನ ಜಾವಾ ಭಾಗದ ಮುಂದಾಳು ಸ್ವಿಟ್ಜರ್ಲೆಂಡಿನ ಎರಿಕ್ ಗಾಮಾ. 2011ರಲ್ಲಿ ಅವರು ಮೈಕ್ರೋಸಾಫ್ಟ್ ಸೇರಿ, ಜ್ಯೂರಿಕ್‌ನಲ್ಲಿ ಸಣ್ಣ ತಂಡ ಕಟ್ಕೊಂಡು ವೆಬ್ ಬ್ರೌಸರ್ ಒಳಗೆ ಓಡೋ ಎಡಿಟರ್ ಮಾಡೋಕೆ ಹೊರಟರು. ಮೊನಾಕೊ ಅಂತ ಹೆಸರು. ಅದೇ ಬೆಳೆದು 2015ರ ಏಪ್ರಿಲ್ 29ಕ್ಕೆ ವಿಎಸ್ ಕೋಡ್ ಆಗಿ ಹೊರಗೆ ಬಂತು. ಅದು ಬರೆದಿರೋದು ಟೈಪ್‌ಸ್ಕ್ರಿಪ್ಟ್ ಭಾಷೆಯಲ್ಲಿ. ಆ ಭಾಷೆ ಮಾಡಿದವರು ಯಾರು? ಅದೇ ಹೆಲ್ಸ್‌ಬರ್ಗ್, ನಮ್ಮ ನೀಲಿ ಪರದೆಯ ತಾತ. ಇದು ತಿಳಿದ ದಿನ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಲ್ಯಾಬಿನ ಟರ್ಬೋಗೂ ಲ್ಯಾಪ್‌ಟಾಪಿನ ವಿಎಸ್ ಕೋಡ್‌ಗೂ ನಡುವೆ ಹೀಗೊಂದು ನೆಂಟಸ್ತನ ಇದೆ.

ಗಾಮಾ ತಂಡ ಎಕ್ಲಿಪ್ಸ್‌ನ ಭಾರ ಇಳಿಸಿತು. ಟೂಲ್‌ಬಾರ್ ಹೆಚ್ಚು ಕಡಿಮೆ ತೆಗೆದೇ ಹಾಕಿದ್ರು. ಡೀಬಗ್ ಮಾಡುವಾಗ ಮಾತ್ರ ಒಂದು ಪುಟ್ಟದು ಮೇಲೆ ತೇಲಿ ಬರುತ್ತೆ. ಎಡ ತುದಿಯಲ್ಲಿ ಆಕ್ಟಿವಿಟಿ ಬಾರ್, ಅದರ ಒಂದೊಂದು ಐಕಾನ್ ಒತ್ತಿದ್ರೂ ಪಕ್ಕದ ಸೈಡ್‌ಬಾರ್‌ನಲ್ಲಿ ಬೇರೆ ಬೇರೆ ವಿಷಯ: ಫೈಲ್‌ಗಳು, ಹುಡುಕಾಟ, ಗಿಟ್, ಡೀಬಗ್, ಎಕ್ಸ್‌ಟೆನ್ಷನ್. ಅದೇ ಐಕಾನ್ ಎರಡನೇ ಸಲ ಒತ್ತಿದ್ರೆ ಸೈಡ್‌ಬಾರ್ ಮುಚ್ಚಿಕೊಳ್ಳುತ್ತೆ. ಹೊಸಬರು ಬೀಳೋ ಮೊದಲ ಹಳ್ಳ ಇದೇ. ಕಂಟ್ರೋಲ್ ಬಿ ಒತ್ತಿದ್ರೆ ವಾಪಸ್ ಬರುತ್ತೆ. ಟರ್ಮಿನಲ್ ಇರೋದು ಕೆಳಗಿನ ಪ್ಯಾನೆಲ್‌ನಲ್ಲಿ, ಕಂಟ್ರೋಲ್ ಜೊತೆ ಎಸ್ಕೇಪ್ ಕೆಳಗಿರೋ ಕೀ. ಇದನ್ನ ನಾನು ಸತ್ತರೂ ಮರೆಯಲ್ಲ.

ತಳದಲ್ಲಿರೋದು ಸ್ಟೇಟಸ್ ಬಾರ್. ಹಳೆಯ ಡಾರ್ಕ್ ಥೀಮಿನಲ್ಲಿ ಫೋಲ್ಡರ್ ತೆರೆದಿದ್ರೆ ನೀಲಿ, ತೆರೆದಿಲ್ಲ ಅಂದ್ರೆ ನೇರಳೆ, ಡೀಬಗ್ ಓಡ್ತಿದ್ರೆ ಕಿತ್ತಳೆ. ನೇರಳೆ ಬಣ್ಣ ನೋಡಿಯೂ ನೋಡದ ಹಾಗೆ ಕೂತು, "ನನ್ನ ಫೈಲ್‌ಗಳೆಲ್ಲ ಎಲ್ಲಿ" ಅಂತ ಅತ್ತಿದ್ದೀನಿ ನಾನು. ಅಂದ ಹಾಗೆ ಈ ಪಾಡ್‌ಕಾಸ್ಟ್‌ನ ಬರಹಗಳನ್ನೂ ಅದರಲ್ಲೇ ಬರೀತೀನಿ. ಒಂದು ತಮಾಷೆ ನೋಡಿ. 'ಕನ್ನಡ' ಅಂತ ಟೈಪ್ ಮಾಡಿದ್ರೆ ನಮ್ಮ ಕಣ್ಣಿಗೆ ಮೂರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಐದು: ಕ, ನ, ಹಲಂತದ ಗುರುತು, ಮತ್ತೆ ನ, ಡ. ಸ್ಟೇಟಸ್ ಬಾರ್‌ನ ಕಾಲಂ ಸಂಖ್ಯೆ ಈ ಐದರ ಲೆಕ್ಕವನ್ನೇ ನಂಬುತ್ತೆ. ಸಾಲಿಗೆ 80 ಚೌಕ, ಚೌಕಕ್ಕೊಂದು ಅಕ್ಷರ ಅನ್ನೋ ಹಳೇ ಟರ್ಮಿನಲ್ ಕಾಲದ ಜಗತ್ತಿಗೆ ನಮ್ಮ ಒತ್ತಕ್ಷರ ಇನ್ನೂ ಪೂರ್ತಿ ಒಗ್ಗಿಲ್ಲ.

ಇನ್ನು ಟೂಲ್‌ಬಾರ್ ತೆಗೆದು ಹಾಕಿದ್ರಲ್ಲ, ಅಲ್ಲಿದ್ದ ಕೆಲಸಗಳೆಲ್ಲ ಎಲ್ಲಿ ಹೋದವು? ಕಮಾಂಡ್ ಪ್ಯಾಲೆಟ್ ಒಳಗೆ. ಕಂಟ್ರೋಲ್ ಶಿಫ್ಟ್ ಪಿ. ಒಂದು ಖಾಲಿ ಪೆಟ್ಟಿಗೆ ಬರುತ್ತೆ, ಏನು ಬೇಕೋ ಅದರ ಹೆಸರು ಟೈಪ್ ಮಾಡಿ. ಈ ರೂಪವನ್ನ ಜನಪ್ರಿಯ ಮಾಡಿದ್ದು ಸಬ್ಲೈಮ್ ಟೆಕ್ಸ್ಟ್. ಆದ್ರೆ ವಿಚಾರ ಇನ್ನೂ ಹಳೇದು. 1976ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಈಮ್ಯಾಕ್ಸ್ ಎಡಿಟರ್ ಕುಟುಂಬದಲ್ಲಿ ಮೆಟಾ ಎಕ್ಸ್ ಒತ್ತಿ ಆಜ್ಞೆಯ ಹೆಸರು ಟೈಪ್ ಮಾಡೋ ಪದ್ಧತಿ ಬೆಳೆದು ಬಂದಿತ್ತು. ಮೌಸ್, ಮೆನು, ಟೂಲ್‌ಬಾರ್ ಎಲ್ಲಾ ಸುತ್ತಿ ಮತ್ತೆ ಹೆಸರು ಹೇಳಿ ಕರೆಯೋ ಜಾಗಕ್ಕೇ ಬಂದು ನಿಂತಿದ್ದೀವಿ. 2020ರಲ್ಲಿ ಬಂದ ಟ್ಯಾಲಿ ಪ್ರೈಮ್‌ನಲ್ಲೂ ಆಲ್ಟ್ ಜಿ ಒತ್ತಿದ್ರೆ 'ಗೋ ಟು' ಅಂತ ಪೆಟ್ಟಿಗೆ ಬರುತ್ತಲ್ಲ, ಅದೂ ಇದೇ ಜಾತಿ. ಬಿಕಾಂ ಗೆಳೆಯರೇ, ನಿಮಗೆ ಕಮಾಂಡ್ ಪ್ಯಾಲೆಟ್ ಆಗಲೇ ಗೊತ್ತು.

ಪ್ಯಾಲೆಟ್‌ನಲ್ಲಿ ಒಂದು ತೊಂದರೆ ಇದೆ, ಅದನ್ನ ಮುಚ್ಚಿಡಲ್ಲ. ಹೆಸರು ಗೊತ್ತಿದ್ದರೆ ಮಾತ್ರ ಕರೆಯೋಕೆ ಆಗೋದು, ಆ ಹೆಸರೂ ಇಂಗ್ಲಿಷಿನಲ್ಲಿ. ಸೈಡ್‌ಬಾರ್‌ಗೆ ಸೈಡ್‌ಬಾರ್ ಅಂತಾರೆ ಅಂತ ಯಾರೂ ಹೇಳಿಕೊಡದ ಹುಡುಗಿಗೆ ಆ ಖಾಲಿ ಪೆಟ್ಟಿಗೆ 'ಇಡಿ'ಯ ಪ್ರಶ್ನಾರ್ಥಕ ಚಿಹ್ನೆಗಿಂತ ಹೆಚ್ಚೇನೂ ಅಲ್ಲ. ನಮ್ಮ ಕ್ಲಾಸುಗಳಲ್ಲಿ ಲೂಪ್ ಹೇಳಿಕೊಡ್ತಾರೆ, ಪಾಯಿಂಟರ್ ಹೇಳಿಕೊಡ್ತಾರೆ. ಪರದೆಯ ಮೂಲೆಗಳ ಹೆಸರು ಯಾರೂ ಹೇಳಿಕೊಡಲ್ಲ, ಅದು ತಾನಾಗೇ ಬರುತ್ತೆ ಅಂದ್ಕೊಂಡಿರ್ತಾರೆ. ಮನೆಯಲ್ಲಿ ಕಂಪ್ಯೂಟರ್ ಇದ್ದವರಿಗೆ ಬಂದಿರುತ್ತೆ.

ಈಗ ತಂಗಿಯ ಕಪ್ಪು ಪರದೆ. ಅವಳು ಮೊದಲು ಕಂಟ್ರೋಲ್ ಕೆ ಒತ್ತಿದ್ಲು, ಕೈ ತಪ್ಪಿ. ಆಮೇಲೆ ಅದನ್ನ ಸರಿ ಮಾಡೋಣ ಅಂತ ಅನ್‌ಡೂಗೆ ಹೋದಳು, ಕಂಟ್ರೋಲ್ ಸರಿಯಾಗಿ ಒತ್ತಲಿಲ್ಲ, ಬರೀ ಝಡ್ ಬಿತ್ತು. ಕಂಟ್ರೋಲ್ ಕೆ, ಆಮೇಲೆ ಝಡ್. ವಿಎಸ್ ಕೋಡ್‌ನಲ್ಲಿ ಅದು ಝೆನ್ ಮೋಡ್! ಏಕಾಗ್ರತೆಗೆ ಅಂತ ಎಲ್ಲವನ್ನೂ ಅಡಗಿಸಿ ಕೋಡ್ ಮಾತ್ರ ತೋರಿಸೋ ಸ್ಥಿತಿ. ಎರಡು ಹಂತದಲ್ಲಿ ಒತ್ತೋ ಕಂಟ್ರೋಲ್ ಕೆ ಪದ್ಧತಿ 1978ರ ವರ್ಡ್‌ಸ್ಟಾರ್‌ನಲ್ಲೂ ಇತ್ತು, ಅಲ್ಲಿಂದ ಟರ್ಬೋ ಪ್ಯಾಸ್ಕಲ್ ತಗೊಂಡಿತ್ತು. ಅಂದ್ರೆ ಅವಳ ಲ್ಯಾಬಿನ ನೀಲಿ ಪರದೆಯಲ್ಲಿ ಕಂಟ್ರೋಲ್ ಕೆ ಒತ್ತಿದ್ರೂ ಅದು ಎರಡನೇ ಅಕ್ಷರಕ್ಕೇ ಕಾಯ್ತಾ ಕೂರುತ್ತೆ.

ವಿಡಿಯೋ ಕಾಲ್ ಮಾಡಿದೆ. "ಪುಟ್ಟಿ, ಎಸ್ಕೇಪ್ ಎರಡು ಸಲ ಒತ್ತು." ಒತ್ತಿದ್ಲು. ಎಲ್ಲಾ ವಾಪಸ್ ಬಂತು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ "ಅಷ್ಟೇನಾ?" ಅಂದ್ಲು. ಅಷ್ಟೇ ಕಣೆ ಅಂದೆ. ಆ ರಾತ್ರಿ ಒಂದು ಗಂಟೆವರೆಗೆ ಅವಳು ಒಂದೊಂದೇ ಭಾಗ ತೋರಿಸೋದು, ನಾನು ಹೆಸರು ಹೇಳೋದು, ಅವಳು ನೋಟ್ ಬುಕ್ಕಿನಲ್ಲಿ ಪರದೆಯ ಚಿತ್ರ ಬರೆದು ಬಾಣ ಹಾಕಿ ಕನ್ನಡದಲ್ಲಿ ಬರ್ಕೊಳ್ಳೋದು. ಆಕ್ಟಿವಿಟಿ ಬಾರ್‌ಗೆ 'ಬಾಗಿಲುಗಳು' ಅಂತ ಬರೆದಿದ್ದಾಳೆ, ಸ್ಟೇಟಸ್ ಬಾರ್‌ಗೆ 'ಹೊಸ್ತಿಲು'.

ಮೊನ್ನೆ ಮತ್ತೆ ಮೆಸೇಜ್ ಬಂತು. ಲ್ಯಾಬಲ್ಲಿ ಟರ್ಬೋದಲ್ಲಿ ಪ್ರೋಗ್ರಾಂ ಓಡಿಸಿದ್ರೆ ಔಟ್‌ಪುಟ್ ಕಾಣ್ತಿಲ್ಲ ಅಂತ ಪಕ್ಕದವಳು ಅಳ್ತಿದ್ಲಂತೆ. ಇವಳು ಮೆನುಗಳನ್ನೆಲ್ಲ ತಡಕಾಡಿ ಆಲ್ಟ್ ಎಫ್5 ಹುಡುಕಿ ಕೊಟ್ಟಿದ್ದಾಳೆ. ಬಿಸಿಎ ಬಿಡೋ ವಿಷಯ ಏನಾಯ್ತು ಅಂತ ಕೇಳಿದೆ. "ಸೆಮ್ ಮುಗೀಲಿ ಅಣ್ಣ, ನೋಡೋಣ" ಅಂದಿದ್ದಾಳೆ.

ಮುಂದಿನ ವಾರ ಸಿಗೋಣ.